ಎನ್‌ಸಿಸಿ ಮಾಡಿದರೆ ಮಿಲಿಟ್ರಿ ನೌಕರಿ ಸಿಗುತ್ತಾ? ಸರ್ಟಿಫಿಕೇಟ್ ಎಲ್ಲಿ ಕೆಲಸಕ್ಕೆ ಬರುತ್ತೆ, ಎಲ್ಲಿ ಬರಲ್ಲ

ಶಾಲೆ-ಕಾಲೇಜು ಶುರುವಾಗುತ್ತಿದ್ದಂತೆ ಎನ್‌ಸಿಸಿಗೆ ಹೆಸರು ಬರೆಸುವ ಗದ್ದಲವೂ ಶುರುವಾಗುತ್ತದೆ. ಅದರ ಬೆನ್ನಿಗೇ ಅಂಗಡಿ ಕಟ್ಟೆ ಮೇಲೆ, ಚಹಾದಂಗಡಿ ಮುಂದೆ ಒಂದು ಪ್ರಶ್ನೆ ಏಳುತ್ತದೆ: ‘ಹುಡುಗ ಎನ್‌ಸಿಸಿ ಸೇರ್ತೀನಿ ಅಂತ ಹಟ ಹಿಡದಾನ. ಸೇರಿದ್ರ ಮಿಲಿಟ್ರಿಯೊಳಗ ನೌಕರಿ ಗ್ಯಾರಂಟೀ ಏನ್ರೀ?’

ಗ್ಯಾರಂಟಿ ಇಲ್ಲ. ಹಾಗಂತ ಬರೀ ಡ್ರೆಸ್ ಹಾಕಿಕೊಂಡು ಆಗಸ್ಟ್ 15ಕ್ಕೆ ಪರೇಡ್ ಮಾಡೋದಷ್ಟೇ ಅಂತ ತಳ್ಳಿ ಹಾಕುವಂಥದ್ದೂ ಅಲ್ಲ. ಎನ್‌ಸಿಸಿಯಿಂದ ಎಷ್ಟು ಲಾಭ ಅನ್ನೋದು ನಿಮ್ಮ ಹುಡುಗ ಸೇನೆಗೆ ಯಾವ ಬಾಗಿಲಿಂದ ಹೋಗುತ್ತಾನೆ ಅನ್ನೋದರ ಮೇಲೆ ನಿಂತಿದೆ. ಅಗ್ನಿವೀರನಾಗಿ ಹೋಗುವವನಿಗೆ ಒಂದು ಲೆಕ್ಕ, ಆಫೀಸರ್ ಆಗುವವನಿಗೆ ಇನ್ನೊಂದು ಲೆಕ್ಕ. ಇವೆರಡನ್ನೂ ಕಲಸಿಕೊಂಡು ಮನೆಯವರು ಎರಡು-ಮೂರು ವರ್ಷ ಕಳೆದುಕೊಳ್ಳುವುದೇ ಹೆಚ್ಚು.

ನಮ್ಮ ಬೆಳಗಾವಿ ಜಿಲ್ಲೆಗೆ ಈ ವಿಷಯ ಹೊಸದಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಬೆಳಗಾವಿಯಲ್ಲಿದೆ. ಸೇನಾ ನೇಮಕಾತಿ ಕಚೇರಿ ಇದೆ, ಎನ್‌ಸಿಸಿಯ ಗ್ರೂಪ್ ಹೆಡ್‌ಕ್ವಾರ್ಟರ್ಸ್ ಇದೆ, 1945ರಲ್ಲಿ ಶುರುವಾದ ಮಿಲಿಟರಿ ಶಾಲೆಯೂ ಇದೆ. ಸೇನೆಯಲ್ಲಿ ದುಡಿದು ಬಂದವರು ಇಲ್ಲದ ಊರು ಹುಡುಕುವುದು ಕಷ್ಟ. ಬೆಳಗಿನ ಐದಕ್ಕೆ ಗೋಕಾಕ ಕಡೆಯಾಗಲಿ, ಖಾನಾಪುರ ಕಡೆಯಾಗಲಿ ರಸ್ತೆ ಬದಿ ನೋಡಿ, ಓಡುವ ಹುಡುಗರು ಕಂಡೇ ಕಾಣುತ್ತಾರೆ. ಆದರೆ ಮಾಹಿತಿ ಮಾತ್ರ ಬಾಯಿಂದ ಬಾಯಿಗೆ ಬಂದದ್ದು, ಅದರಲ್ಲೂ ಅರ್ಧ ಹಳೇ ಕಾಲದ್ದು.

ಮೊದಲು ಎನ್‌ಸಿಸಿ ಅಂದರೆ ಏನು

ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. ಹೃದಯನಾಥ ಕುಂಜ್ರು ಅವರ ಸಮಿತಿ ಶಿಫಾರಸು ಮಾಡಿತ್ತು. ರಕ್ಷಣಾ ಸಚಿವಾಲಯದ ಕೆಳಗೆ ಬರುತ್ತದೆ, ಖರ್ಚಿನಲ್ಲಿ ರಾಜ್ಯ ಸರಕಾರದ ಪಾಲೂ ಇದೆ. ಎನ್‌ಸಿಸಿ ಸೇರಿದವರು ಸೇನೆಗೆ ಹೋಗಲೇಬೇಕು ಎಂಬ ಕಟ್ಟುಪಾಡು ಕಾಯ್ದೆಯಲ್ಲಿಲ್ಲ. ‘ಸೇರಿದ್ರ ಯುದ್ಧಕ್ಕ ಕರೀತಾರಂತ’ ಅಂತ ಇವತ್ತಿಗೂ ಹೆದರುವ ತಾಯಂದಿರಿದ್ದಾರೆ. ಹಾಗೇನೂ ಇಲ್ಲ, ನಿಶ್ಚಿಂತೆಯಿಂದಿರಿ. ಅದೇ ರೀತಿ, ಎನ್‌ಸಿಸಿ ಮಾಡಿದ ಹುಡುಗನನ್ನು ಸೇನೆ ತೆಗೆದುಕೊಳ್ಳಲೇಬೇಕು ಅಂತಲೂ ಇಲ್ಲ.

ಹೈಸ್ಕೂಲಿನದ್ದು ಜೂನಿಯರ್ ವಿಭಾಗ, ಎರಡು ವರ್ಷ. ಮುಗಿಸಿ ಪರೀಕ್ಷೆ ಪಾಸಾದರೆ ‘ಎ’ ಸರ್ಟಿಫಿಕೇಟ್. ಪಿಯು ಮತ್ತು ಡಿಗ್ರಿಯದ್ದು ಸೀನಿಯರ್ ವಿಭಾಗ. ಅಲ್ಲಿ ಎರಡು ವರ್ಷಕ್ಕೆ ‘ಬಿ’, ಮೂರನೇ ವರ್ಷಕ್ಕೆ ‘ಸಿ’. ಪರೇಡ್‌ಗೆ ಶೇ 75ರಷ್ಟು ಹಾಜರಿ ಬೇಕು. ಎ ಮತ್ತು ಬಿ ಪರೀಕ್ಷೆಗೆ ಕೂರಲು ಒಂದಾದರೂ ಶಿಬಿರ ಮಾಡಿರಬೇಕು, ಸಿ ಪರೀಕ್ಷೆಗೆ ಎರಡು. ಹೆಸರು ಬರೆಸಿ ಮನೇಲಿ ಕೂತವನಿಗೆ ಇದು ಸಿಗುವುದಿಲ್ಲ.

ಇಲ್ಲೊಂದು ತೊಡಕಿದೆ. ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೇ ಸೇರಿಬಿಡಬೇಕು. ಹತ್ತನೇ ಕ್ಲಾಸಿಗೆ ಬಂದಮೇಲೆ ಎಸ್‌ಎಸ್‌ಎಲ್‌ಸಿ ಓದು, ಟ್ಯೂಷನ್ನು. ಆಗ ಹೋಗಿ ‘ನಮ್ಮ ಹುಡುಗನ್ನ ತಗೋರಿ ಸರ’ ಅಂದರೆ ಆಗುವುದಿಲ್ಲ. ಒಂದು ಶಾಲೆಗೆ ಇಷ್ಟೇ ಕೆಡೆಟ್ ಅಂತ ಮಿತಿ ಇರುವುದರಿಂದ ಸೇರಿಸಿಕೊಳ್ಳುವಾಗಲೂ ಆಯ್ಕೆ ಇರುತ್ತದೆ. ಇನ್ನು ತಾಲೂಕಿನ ಎಲ್ಲ ಶಾಲೆಯಲ್ಲೂ ಎನ್‌ಸಿಸಿ ಇಲ್ಲ. ಹೈಸ್ಕೂಲು, ಪಿಯು ಕಾಲೇಜು ಆರಿಸುವಾಗಲೇ ‘ನಿಮ್ಮಲ್ಲಿ ಎನ್‌ಸಿಸಿ ಐತೇನ್ರೀ?’ ಅಂತ ಒಂದು ಮಾತು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಅಗ್ನಿವೀರನಿಗೆ: ಅಂಕದ ಲೆಕ್ಕ

2022ರ ಜೂನ್ 14ಕ್ಕೆ ಅಗ್ನಿಪಥ ಯೋಜನೆ ಪ್ರಕಟವಾಯಿತು. ಅದಕ್ಕೂ ಮೊದಲು ಸೋಲ್ಜರ್ ಜನರಲ್ ಡ್ಯೂಟಿಗೆ ಹೋಗುವವನ ಕೈಯಲ್ಲಿ ಸಿ ಸರ್ಟಿಫಿಕೇಟ್ ಇದ್ದರೆ ಲಿಖಿತ ಪರೀಕ್ಷೆಯಿಂದಲೇ ವಿನಾಯಿತಿ ಸಿಗುತ್ತಿತ್ತು. ಓಡಿ, ಮೆಡಿಕಲ್ ಪಾಸಾದರೆ ಆಯಿತು. ಊರಲ್ಲಿ ಅಣ್ಣಂದಿರು ಹೇಳುವ ‘ಸಿ ಇದ್ರ ಪೇಪರ್ ಇಲ್ಲೋ ತಮ್ಮಾ’ ಅನ್ನೋ ಮಾತು ಆ ಕಾಲದ್ದು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಾಲಕ್ಕೆ ಅದು ನಿಜವೇ ಆಗಿತ್ತು. ಈಗ ಹಾಗಿಲ್ಲ. ಈಗ ಮೊದಲು ಕಂಪ್ಯೂಟರ್ ಮುಂದೆ ಕೂತು ಪರೀಕ್ಷೆ ಬರೆಯಬೇಕು, ಅದರಲ್ಲಿ ಆಯ್ಕೆಯಾದವರನ್ನು ಮಾತ್ರ ರ‍್ಯಾಲಿಗೆ ಕರೆಯುತ್ತಾರೆ. ಎನ್‌ಸಿಸಿಯವರಿಗೆ ಸಿಗುವುದು ಬೋನಸ್ ಅಂಕ: ಎ ಇದ್ದರೆ 5, ಬಿ ಇದ್ದರೆ 10, ಸಿ ಇದ್ದರೆ 15.

ಇದನ್ನು ಪ್ರಶ್ನೆಗಳ ಲೆಕ್ಕದಲ್ಲಿ ನೋಡೋಣ. ಜನರಲ್ ಡ್ಯೂಟಿ ಪರೀಕ್ಷೆಯಲ್ಲಿ 50 ಪ್ರಶ್ನೆ, 100 ಅಂಕ, ಒಂದು ತಾಸು. ಅಂದರೆ ಪ್ರಶ್ನೆಗೆ ಎರಡು ಅಂಕ, ತಪ್ಪಾದರೆ ಅರ್ಧ ಅಂಕ ಕಡಿತ. ಎ ಸರ್ಟಿಫಿಕೇಟಿನ 5 ಅಂಕ ಎಂದರೆ ಎರಡೂವರೆ ಪ್ರಶ್ನೆ. ಬಿ ಎಂದರೆ ಐದು ಪ್ರಶ್ನೆ. ಸಿ ಎಂದರೆ ಏಳೂವರೆ ಪ್ರಶ್ನೆ. ಮೆರಿಟ್ ಪಟ್ಟಿಯಲ್ಲಿ ಅರ್ಧ ಅಂಕಕ್ಕೆ ಎಷ್ಟೋ ಹುಡುಗರು ಹಿಂದೆ ಬೀಳುವಾಗ ಐದು ಪ್ರಶ್ನೆ ಸಣ್ಣದಲ್ಲ. ಹಾಗೆಯೇ ಹತ್ತನೇ ತರಗತಿಯ ಗಣಿತ, ವಿಜ್ಞಾನ ಗಟ್ಟಿ ಇರುವ ಹುಡುಗ ಎನ್‌ಸಿಸಿಯ ಮುಖ ನೋಡದೆಯೂ ಇವನನ್ನು ಹಿಂದೆ ಹಾಕಬಲ್ಲ. ಈಚೆಗೆ ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಲು ಅವಕಾಶ ಕೊಟ್ಟಿದ್ದಾರೆ. ನನ್ನ ಪ್ರಕಾರ ನಮ್ಮ ಹಳ್ಳಿ ಹುಡುಗರಿಗೆ ಬೋನಸ್ ಅಂಕಕ್ಕಿಂತ ದೊಡ್ಡ ಅನುಕೂಲ ಇದೇ.

ಈಗ ಮನೆಯವರು ಕೇಳುವ ಕಠಿಣ ಪ್ರಶ್ನೆ: ಪಿಯುಸಿ ಮುಗಿದು ಬಿ ಕೈಗೆ ಬಂತು, ಹುಡುಗನಿಗೆ 18. ಈಗಲೇ ಅಗ್ನಿವೀರ್ ಅರ್ಜಿ ಹಾಕಿಸಬೇಕೋ, ಡಿಗ್ರಿ ಮೊದಲ ವರ್ಷ ಸೇರಿಸಿ ಸಿ ಆದಮೇಲೆ ಹಾಕಿಸಬೇಕೋ?

ಅಗ್ನಿವೀರನೇ ಗುರಿಯಾದರೆ ಕಾಯಬೇಡಿ. ಒಂದು ವರ್ಷ ಕಾದು ಸಿಗುವುದು ಹೆಚ್ಚುವರಿ 5 ಅಂಕ. ಅದೇ ವರ್ಷದಲ್ಲಿ ದಿನಾ ಒಂದು ತಾಸು ಗಣಿತ ಮಾಡಿದರೆ ಅದಕ್ಕಿಂತ ಜಾಸ್ತಿ ಅಂಕ ಬರುತ್ತದೆ. ವಯಸ್ಸಿನ ಮಿತಿ ಯಾರಿಗೂ ಕಾಯುವುದಿಲ್ಲ. ಹದಿನೇಳೂವರೆಗೆ ಬಾಗಿಲು ತೆರೆಯುತ್ತದೆ, ಇಪ್ಪತ್ತೊಂದರ ಆಜುಬಾಜಿನಲ್ಲಿ ಮುಚ್ಚುತ್ತದೆ, ನೇಮಕಾತಿ ಅಧಿಸೂಚನೆ ವರ್ಷಕ್ಕೊಮ್ಮೆ. ಇರುವ ಮೂರ‍್ನಾಲ್ಕು ಅವಕಾಶದಲ್ಲಿ ಒಂದನ್ನು ಸರ್ಟಿಫಿಕೇಟಿಗಾಗಿ ಕಾಯುತ್ತಾ ಬಿಡುವುದು ವ್ಯಾಪಾರಸ್ಥರ ಭಾಷೆಯಲ್ಲಿ ಹೇಳಬೇಕೆಂದರೆ ಲುಕ್ಸಾನು. ಅರ್ಜಿ ಹಾಕಿ, ಆಗದಿದ್ದರೆ ಡಿಗ್ರಿ ಜೊತೆಗೆ ಸಿ ಹೇಗೂ ನಡೆಯುತ್ತಿರುತ್ತದೆ.

ಮೈದಾನದಲ್ಲಿ ಸರ್ಟಿಫಿಕೇಟ್ ಓಡುವುದಿಲ್ಲ

ರ‍್ಯಾಲಿಯಲ್ಲಿ 1.6 ಕಿಲೋಮೀಟರ್ ಓಟ. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರಾ 60 ಅಂಕ, ತಡವಾದಷ್ಟೂ ಅಂಕ ಇಳಿಯುತ್ತದೆ. 400 ಮೀಟರಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು, ಸುತ್ತಿಗೆ 82 ಸೆಕೆಂಡು ಚಿಲ್ಲರೆ. ಆಮೇಲೆ ಪುಲ್-ಅಪ್ಸ್, ಹತ್ತು ಎಳೆದರೆ 40 ಅಂಕ. ಜೊತೆಗೆ ಒಂಬತ್ತು ಅಡಿ ಹಳ್ಳ ಜಿಗಿಯಬೇಕು, ಅಂಕುಡೊಂಕು ಹಲಗೆ ಮೇಲೆ ತೂಕ ತಪ್ಪದೆ ನಡೆಯಬೇಕು.

ಎನ್‌ಸಿಸಿ ಪರೇಡ್ ಇರುವುದು ವಾರಕ್ಕೆ ಒಂದು ದಿನ, ಹೆಚ್ಚೆಂದರೆ ಎರಡು ದಿನ. ಅಲ್ಲಿ ಡ್ರಿಲ್ ಇರುತ್ತದೆ, ಮ್ಯಾಪ್ ಓದುವುದು ಕಲಿಸುತ್ತಾರೆ, ಆರೋಗ್ಯ-ನೈರ್ಮಲ್ಯ ಹೇಳಿಕೊಡುತ್ತಾರೆ, ಶಿಬಿರದಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿಸಿ ಗುರಿ ಹೊಡೆಸುತ್ತಾರೆ. ಎಲ್ಲ ಸರಿ. ಆದರೆ ವಾರಕ್ಕೊಂದು ದಿನದ ಪರೇಡಿನಿಂದ ಯಾರೂ ಐದೂವರೆ ನಿಮಿಷದಲ್ಲಿ ಓಡಿ ಮುಗಿಸುವುದಿಲ್ಲ. ಅದಕ್ಕೆ ದಿನಾ ಬೆಳಿಗ್ಗೆ ಎದ್ದು ಓಡಲೇಬೇಕು. ಕೆಡೆಟ್ ಅನ್ನೋ ಧೈರ್ಯದಲ್ಲಿ ಓಟ ಬಿಟ್ಟು ಕೂತವನಿಗಿಂತ, ಎನ್‌ಸಿಸಿ ಇಲ್ಲದಿದ್ದರೂ ಹೊಲದ ದಾರಿಯಲ್ಲಿ ದಿನಾ ಓಡಿದ ಹುಡುಗನೇ ಅಲ್ಲಿ ಮುಂದೆ ಬರುತ್ತಾನೆ.

ಹಾಗಾದರೆ ಎನ್‌ಸಿಸಿಯ ತರಬೇತಿ ಸೇನೆಗೆ ಹೋದಮೇಲೆ ಏನೂ ಕೆಲಸಕ್ಕೆ ಬರುವುದಿಲ್ಲವೇ? ಬರುತ್ತದೆ, ಆದರೆ ಜನ ಅಂದುಕೊಂಡ ಜಾಗದಲ್ಲಲ್ಲ.

ತರಬೇತಿ ಕೇಂದ್ರದಲ್ಲಿ ಎನ್‌ಸಿಸಿ ಮಾಡಿ ಬಂದವನಿಗೂ ಮಾಡದವನಿಗೂ ಕಲಿಕೆ ಸೊನ್ನೆಯಿಂದಲೇ ಶುರು. ಸಿ ಇದೆ ಅಂತ ಒಂದು ದಿನದ ತರಬೇತಿಯೂ ಕಡಿಮೆ ಆಗುವುದಿಲ್ಲ. ವ್ಯತ್ಯಾಸ ಕಾಣುವುದು ಮೊದಲ ಎರಡು-ಮೂರು ವಾರ. ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗದ ಹುಡುಗ, ತಟ್ಟೆ ಹಿಡಿದು ಸಾಲಲ್ಲಿ ನಿಂತು ಉಣ್ಣದ ಹುಡುಗ, ತನ್ನ ಬಟ್ಟೆ ತಾನು ಒಗೆಯದ ಹುಡುಗ ಅಲ್ಲಿ ಹೋಗಿ ಒಮ್ಮೆಲೇ ಕಂಗಾಲಾಗುತ್ತಾನೆ. ಹತ್ತು ದಿನದ ಎನ್‌ಸಿಸಿ ಶಿಬಿರ ಮಾಡಿದವನಿಗೆ ಇದರ ರುಚಿ ಮೊದಲೇ ಗೊತ್ತು. ಬೆಳಗಿನ ವಿಸಿಲ್, ಪಾಳಿ ಮೇಲೆ ಕಾವಲು, ಬೂಟು ಪಾಲಿಶ್, ಸಾರಿಗೆ ಉಪ್ಪು ಕಮ್ಮಿ ಆದರೂ ಸುಮ್ಮನೆ ಉಣ್ಣುವುದು. ಮನೇಲಿ ಇದನ್ನು ಕಲಿಸೋಕೆ ಆಗಲ್ಲ.

ಇನ್ನೊಂದು ಭಾಷೆ. ಡ್ರಿಲ್ಲಿನ ಮಾತೆಲ್ಲ ಹಿಂದಿಯದ್ದು: ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್, ಥಮ್. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಉಸ್ತಾದ್ ಏನು ಕೂಗಿದ ಅಂತ ತಿಳಿಯುವಷ್ಟರಲ್ಲಿ ಪಕ್ಕದವನು ತಿರುಗಿ ನಿಂತಿರುತ್ತಾನೆ. ಎನ್‌ಸಿಸಿ ಮಾಡಿದವನಿಗೆ ಈ ಶಬ್ದಗಳು ಕಿವಿಗೆ ಕೂತಿರುತ್ತವೆ. ಬೇರೆ ರಾಜ್ಯದವರೂ ಬರುವ ಶಿಬಿರಕ್ಕೆ ಒಮ್ಮೆ ಹೋಗಿ ಬಂದರಂತೂ ಮುರುಕು ಹಿಂದಿಯಲ್ಲೇ ಬದುಕಿ ಬರುವ ಧೈರ್ಯ ಬರುತ್ತದೆ. ಇದಕ್ಕೆ ಅಂಕ ಇಲ್ಲ, ಆದರೆ ಕೆಲಸಕ್ಕೆ ಬರುವುದು ಇದೇ.

ಅದಕ್ಕಿಂತ ಮುಖ್ಯವಾದ ಮೂರನೆಯದು: ಹುಡುಗನಿಗೆ ಈ ಬದುಕು ಒಗ್ಗುತ್ತದೋ ಇಲ್ಲವೋ ಅಂತ ಮೊದಲೇ ತಿಳಿಯುತ್ತದೆ. ಬೆಟಾಲಿಯನ್ನಿನಿಂದ ಬಂದು ಪರೇಡ್ ಕಲಿಸುವ ಹವಾಲ್ದಾರರು ಸೇವೆಯಲ್ಲಿರುವ ಸೈನಿಕರು. ರಜೆ ಹೇಗೆ ಸಿಗುತ್ತದೆ, ಗಡಿಯಲ್ಲಿ ಚಳಿ ಎಂಥದ್ದು, ಮನೇಲಿ ಮದುವೆ ಇದ್ದರೂ ಬರಲಾಗದೆ ಇರುವುದು ಅಂದರೇನು ಅನ್ನೋದನ್ನು ಸಿನಿಮಾ ನೋಡಿ ತಿಳಿಯುವುದಕ್ಕಿಂತ ಅವರ ಬಾಯಲ್ಲಿ ಕೇಳುವುದು ಒಳ್ಳೆಯದು. ಎರಡು ಶಿಬಿರ ಮಾಡಿ ‘ಅಪ್ಪಾ, ನನಗ ಇದು ಬ್ಯಾಡ’ ಅಂತ ಹುಡುಗ ಅಂದರೆ ಬೈಯಬೇಡಿ. ನೌಕರಿಗೆ ಹೋಗಿ ತರಬೇತಿ ಅರ್ಧಕ್ಕೆ ಬಿಟ್ಟು ಓಡಿ ಬರುವುದಕ್ಕಿಂತ ಹದಿನಾರನೇ ವಯಸ್ಸಿಗೆ ಇಷ್ಟು ತಿಳಿದುಕೊಂಡದ್ದು ಎಷ್ಟೋ ಪಾಲು ಮೇಲು.

ಮೆಡಿಕಲ್: ಮೂರು ವರ್ಷದ ಶ್ರಮ ಮೂರು ನಿಮಿಷದಲ್ಲಿ

ಇದನ್ನು ಪಾಲಕರು ಎರಡು ಸಲ ಓದಿ. ಎನ್‌ಸಿಸಿಗೆ ಸೇರಿಸಿಕೊಳ್ಳುವಾಗ ಮಾಡುವ ತಪಾಸಣೆಗೂ ಸೇನೆಯ ಮೆಡಿಕಲ್‌ಗೂ ಅಜಗಜಾಂತರ. ಎನ್‌ಸಿಸಿಯಲ್ಲಿ ಮೂರು ವರ್ಷ ಚೆನ್ನಾಗಿ ಪರೇಡ್ ಮಾಡಿದ ಹುಡುಗ ಸೇನೆಯ ವೈದ್ಯರ ಮುಂದೆ ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು, ಬಣ್ಣ ಗುರುತಿಸದ ಕಣ್ಣು, ಕಾಲಿನ ಉಬ್ಬಿದ ರಕ್ತನಾಳ, ಕಿವಿಯ ತೊಂದರೆ ಇಂಥ ಕಾರಣಕ್ಕೆ ಹೊರಬೀಳಬಹುದು. ಕೆಲವಕ್ಕೆ ಚಿಕಿತ್ಸೆ ಇದೆ, ಕೆಲವಕ್ಕೆ ಇಲ್ಲ. ಬಣ್ಣದ ದೃಷ್ಟಿ ಹುಟ್ಟಿನಿಂದ ಬರುವಂಥದ್ದು, ಅದಕ್ಕೆ ಔಷಧಿ ಇಲ್ಲ.

ಆದ್ದರಿಂದ ಎನ್‌ಸಿಸಿ, ಅಕಾಡೆಮಿ ಎಲ್ಲಕ್ಕಿಂತ ಮೊದಲು, ಒಂಬತ್ತನೇ ಕ್ಲಾಸಿನ ಹೊತ್ತಿಗೇ, ಸರಕಾರಿ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಮೂಳೆ ತೋರಿಸಿ. ಸೇನೆಗೆ ಹೋಗುವ ಆಸೆ ಇದೆ ಅಂತ ಬಾಯಿಬಿಟ್ಟು ಹೇಳಿ, ಬಣ್ಣದ ಚುಕ್ಕಿ ಪುಸ್ತಕ ತೋರಿಸಿ ಪರೀಕ್ಷೆ ಮಾಡಲು ಕೇಳಿ. ಪಾದದ್ದು ಮನೆಯಲ್ಲೇ ಅಂದಾಜಾಗುತ್ತದೆ: ಒದ್ದೆ ಕಾಲಲ್ಲಿ ಒಣ ಬಂಡೆ ಮೇಲೆ ನಿಲ್ಲಿಸಿ, ಹೆಜ್ಜೆಯ ನಡುವೆ ಒಳಗೆ ಬಾಗಿದ ಖಾಲಿ ಜಾಗ ಕಾಣಬೇಕು. ಇಡೀ ಪಾದ ಅಚ್ಚೊತ್ತಿದರೆ ವೈದ್ಯರನ್ನು ಕೇಳಿ.

ಹಚ್ಚೆಯ ಮಾತು ಹೇಳಲೇಬೇಕು. ಜಾತ್ರೆಯಲ್ಲಿ, ಪೇಟೆಯಲ್ಲಿ ಹುಡುಗರು ರೆಟ್ಟೆ ಮೇಲೆ ರಾಯಣ್ಣ, ಎದೆ ಮೇಲೆ ಶಿವಾಜಿ ಮಹಾರಾಜ, ಕುತ್ತಿಗೆ ಬದಿ ಪ್ರೀತಿಯ ಹೆಸರು ಹಾಕಿಸಿಕೊಳ್ಳುತ್ತಾರೆ. ಸೇನೆ ಒಪ್ಪುವುದು ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಬದಿಯ ಮತ್ತು ಅಂಗೈ ಹಿಂಬದಿಯ ಹಚ್ಚೆಯನ್ನು ಮಾತ್ರ. ಕೆಲವು ಬುಡಕಟ್ಟುಗಳಿಗೆ ವಿನಾಯಿತಿ ಇದೆ. ಉಳಿದವರಿಗೆ ಬೇರೆ ಕಡೆ ಇದ್ದರೆ, ಅದು ರಾಯಣ್ಣನದ್ದೇ ಇರಲಿ, ಅನರ್ಹತೆ. ದೇಶಭಕ್ತಿಯ ಹಚ್ಚೆಯೇ ದೇಶಸೇವೆಗೆ ಅಡ್ಡಿಯಾದರೆ ಹೇಗಿರುತ್ತೆ ನೋಡಿ.

ಆಫೀಸರ್ ಆಗಬೇಕಾದರೆ ಲೆಕ್ಕ ತಿರುಗುತ್ತದೆ

ಅಗ್ನಿವೀರನಿಗೆ ‘ಸಿ’ಗಾಗಿ ಕಾಯಬೇಡಿ ಅಂದೆವಲ್ಲ, ಆಫೀಸರ್ ಗುರಿ ಇಟ್ಟವನಿಗೆ ಸಿ ಬಿಟ್ಟರೆ ನಷ್ಟ. ಡಿಗ್ರಿಯಲ್ಲಿ ಶೇ 50 ಅಂಕ, ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್ ಇದ್ದವರಿಗೆ ‘ಎನ್‌ಸಿಸಿ ಸ್ಪೆಷಲ್ ಎಂಟ್ರಿ’ ಎಂಬ ದಾರಿ ಇದೆ. ಯುಪಿಎಸ್‌ಸಿಯ ಲಿಖಿತ ಪರೀಕ್ಷೆ ಇಲ್ಲದೆ ನೇರವಾಗಿ ಎಸ್‌ಎಸ್‌ಬಿ ಸಂದರ್ಶನಕ್ಕೆ ಕರೆ. ಪಾಸಾದರೆ ಚೆನ್ನೈನ ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿ. ವಯಸ್ಸು 19ರಿಂದ 25. ಹೆಣ್ಣುಮಕ್ಕಳಿಗೂ ಇದೆ, ಹುದ್ದೆ ಮಾತ್ರ ಬೆರಳೆಣಿಕೆ. ಇಡೀ ದೇಶಕ್ಕೆ ಒಂದು ಬಾರಿಗೆ ನೂರರೊಳಗೇ ಹುದ್ದೆ ಎಂಬುದನ್ನೂ ಮರೆಯಬಾರದು. ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಬರೆಯುವವರಿಗೂ ಡೆಹ್ರಾಡೂನ್ ಅಕಾಡೆಮಿಯ 100 ಸೀಟಿನಲ್ಲಿ 13 ಸೀಟು ಎನ್‌ಸಿಸಿ ಆರ್ಮಿ ವಿಂಗ್‌ನ ಸಿ ಪಡೆದವರಿಗೆ ಮೀಸಲು.

ಎಸ್‌ಎಸ್‌ಬಿಯ ಐದು ದಿನದಲ್ಲಿ ಎನ್‌ಸಿಸಿ ನಿಜವಾಗಿ ಬೆನ್ನಿಗೆ ನಿಲ್ಲುತ್ತದೆ. ಗುಂಪಿನಲ್ಲಿ ಮಾತಾಡಬೇಕು, ಹಗ್ಗ-ಹಲಗೆ ಹಿಡಿದು ಎಂಟು ಜನ ಸೇರಿ ಅಡೆತಡೆ ದಾಟಬೇಕು, ಸೋತರೂ ಮುಖ ಸಪ್ಪಗೆ ಮಾಡಬಾರದು. ಮೂರು ವರ್ಷ ಹುಡುಗರ ಸಾಲನ್ನು ನಡೆಸಿದ ಅಂಡರ್ ಆಫೀಸರ್‌ಗೆ ಇದು ಹೊಸದಲ್ಲ. ಅಡ್ಡ ಬರುವುದು ಇಂಗ್ಲಿಷು. ಅದನ್ನು ಎನ್‌ಸಿಸಿ ಕಲಿಸುವುದಿಲ್ಲ, ಬೇರೆಯಾಗಿ ಕಲಿಯಬೇಕು.

ಪಿಯುಸಿ ಆದಕೂಡಲೇ ಎನ್‌ಡಿಎಗೆ ಹೋಗುವ ಆಸೆ ಇದ್ದರೆ ಎನ್‌ಸಿಸಿಗೆ ಅಲ್ಲಿ ಬೋನಸ್ ಇಲ್ಲ, ಮೀಸಲು ಸೀಟೂ ಇಲ್ಲ. ಅಲ್ಲಿ ನಡೆಯುವುದು ಗಣಿತ ಮತ್ತು ಇಂಗ್ಲಿಷು.

ಸೇನೆ ಆಗದಿದ್ದರೂ

ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಮೊದಲಾದ ಪಡೆಗಳ ಕಾನ್‌ಸ್ಟೇಬಲ್ ನೇಮಕಾತಿಯಲ್ಲೂ ಎನ್‌ಸಿಸಿಗೆ ಬೆಲೆ ಇದೆ: ಒಟ್ಟು ಅಂಕದ ಶೇ 5 ಸಿ ಸರ್ಟಿಫಿಕೇಟಿಗೆ, ಶೇ 3 ಬಿಗೆ, ಶೇ 2 ಎಗೆ. ಇಲ್ಲಿ ನೌಕರಿ ನಾಲ್ಕು ವರ್ಷದ್ದಲ್ಲ, ಕಾಯಂ. ಅಗ್ನಿವೀರರಲ್ಲಿ ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಶೇ 25ರವರೆಗೆ ಮಾತ್ರ ಎಂಬುದನ್ನು ನೆನಪಿಟ್ಟುಕೊಂಡರೆ, ಒಂದೇ ಓಟದ ಅಭ್ಯಾಸದಲ್ಲಿ ಎರಡೂ ಕಡೆ ಅರ್ಜಿ ಹಾಕುವುದು ಜಾಣತನ. ಸಿಇಟಿಯಲ್ಲಿ ವೃತ್ತಿ ಕೋರ್ಸಿನ ಸೀಟಿಗೆ ಎನ್‌ಸಿಸಿ ಕೋಟಾ ಕೂಡ ಇದೆ.

ಕಾಗದ-ಪತ್ರ ಜೋಪಾನ

ಪಿಯು ಒಂದು ಕಾಲೇಜು, ಡಿಗ್ರಿ ಇನ್ನೊಂದು ಕಾಲೇಜು ಆದಾಗ ಎನ್‌ಸಿಸಿ ಸರಪಳಿ ತುಂಡಾಗುವುದು ಇಲ್ಲೇ. ಬಿ ಮುಗಿಸಿ ಎನ್‌ಸಿಸಿ ಇಲ್ಲದ ಡಿಗ್ರಿ ಕಾಲೇಜಿಗೆ ಸೇರಿದರೆ ಸಿ ಕೈಗೆ ಸಿಗುವುದು ಕಷ್ಟ. ಎನ್‌ಸಿಸಿ ಇರುವ ಕಾಲೇಜಿಗೇ ಹೋದರೂ, ಹಳೇ ಕಾಲೇಜು ಬಿಡುವ ಮೊದಲೇ ಅಲ್ಲಿಯ ಎನ್‌ಸಿಸಿ ಅಧಿಕಾರಿಯನ್ನು (ಬಹುತೇಕ ಕಡೆ ಅವರು ಅಲ್ಲಿನ ಉಪನ್ಯಾಸಕರೇ) ಕಂಡು, ಮುಂದಿನ ಕಾಲೇಜಿನಲ್ಲಿ ಮೂರನೇ ವರ್ಷ ಮುಂದುವರಿಸಲು ಬೇಕಾದ ಕಾಗದ ಮಾಡಿಸಿಕೊಳ್ಳಿ. ಹಾಜರಿ, ಶಿಬಿರದ ದಾಖಲೆ ಎಲ್ಲ ಬೆಟಾಲಿಯನ್ ಕಚೇರಿಯಲ್ಲಿರುತ್ತದೆ, ವರ್ಷ ಕಳೆದಮೇಲೆ ಹುಡುಕಿಸುವುದು ತಲೆನೋವು.

ಎನ್‌ಸಿಸಿ ಫಾರ್ಮ್ ತುಂಬುವಾಗ ಹುಡುಗನ ಹೆಸರು, ತಂದೆ-ತಾಯಿ ಹೆಸರು, ಹುಟ್ಟಿದ ದಿನ ಇವೆಲ್ಲ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರುವಂತೆಯೇ ಅಕ್ಷರ ಅಕ್ಷರ ಹೊಂದಬೇಕು. ನಮ್ಮ ಕಡೆ ಒಂದು ಕಾಗದದಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ರ‍್ಯಾಲಿ ಮೈದಾನದಲ್ಲಿ ಮೂಲ ಸರ್ಟಿಫಿಕೇಟ್ ಕೈಯಲ್ಲಿ ಹಿಡಿದು ನಿಂತಾಗ ಸರಿಪಡಿಸಲು ಹೊತ್ತಿರುವುದಿಲ್ಲ. ಬೋನಸ್ ಅಂಕ, ವಯಸ್ಸು, ಓಟದ ಸಮಯ ಇವು ವರ್ಷದಿಂದ ವರ್ಷಕ್ಕೆ ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನು ‘ಜಾಯಿನ್ ಇಂಡಿಯನ್ ಆರ್ಮಿ’ ಜಾಲತಾಣದಲ್ಲೇ ಓದಿ. ಅಲ್ಲಿ ಅರ್ಜಿ ಹಾಕುವಾಗ ಎನ್‌ಸಿಸಿ ಕಾಲಂ ತುಂಬಲು ಮರೆಯಬೇಡಿ. ಸೈಬರ್ ಅಂಗಡಿಯಲ್ಲಿ ಗದ್ದಲದ ನಡುವೆ ಅರ್ಜಿ ತುಂಬಿಸುವಾಗ ಪಕ್ಕದಲ್ಲೇ ಕೂತು ನೋಡಿ, ‘ಸಬ್‌ಮಿಟ್’ ಒತ್ತುವ ಮೊದಲು ಒಮ್ಮೆ ಓದಿಸಿಕೊಳ್ಳಿ.